ಏಳನೆಯ ಅಧ್ಯಾಯದ ಹದಿನಾಲ್ಕು ಹಾಳೆ

ದಸರಾ ರಜೆಯ ಶುಕ್ರವಾರ ಬೆಳಗ್ಗೆ ಯತ್ತಪ್ಪ ಬಂದು ಬಾಗಿಲಲ್ಲಿ ನಿಂತಾಗ ನೂರುನ್ನೀಸಾ ಟೀಚರ್ ಅಕ್ಕಿ ಆರಿಸುತ್ತಿದ್ದರು. ಅವರು ಆರಿಸಿಟ್ಟ ಅಕ್ಕಿಯಲ್ಲಿ ಚೌಡೇಶ್ವರಿ ಇನ್ನೂ ಎರಡು ಕಲ್ಲು ಹುಡುಕಿ ತೋರಿಸಿದ್ದಕ್ಕೆ, ಗಣಿತದವರಿಗೆ ಉಳಿದವರ ತಪ್ಪು ಹುಡುಕುವುದು ಬಿಟ್ಟರೆ ಬೇರೆ ಕೆಲಸವಿಲ್ಲವೆಂದು ಬೈಸಿಕೊಳ್ಳುತ್ತಿದ್ದಳು.

ಚೌಡೇಶ್ವರಿ ಒಂದು ಕಾಲಕ್ಕೆ ಟೀಚರ ವಿದ್ಯಾರ್ಥಿನಿ. ಈಗ ಪಕ್ಕದ ಮನೆಯವಳು, ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳುವವಳು, ಟೀಚರಿಗೆ ಎಲ್ಲಿಗಾದರೂ ಹೋಗಬೇಕಾದಾಗ ಸ್ಕೂಟರ್ ಓಡಿಸುವವಳು. ಟೀಚರು ಮೂವತ್ತನಾಲ್ಕು ವರ್ಷ ಒಂದನೇ ತರಗತಿಗೆ ಅಕ್ಷರ ಹೇಳಿದವರು. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಸಂಜೆ ಹೊತ್ತು ಹಮಾಲರಿಗೂ ಬೀಡಿ ಕಟ್ಟುವವರಿಗೂ ಹೇಳಿದ್ದರು. ಪತ್ತೇದಾರಿಕೆ ನಿವೃತ್ತಿಯಾದ ಮೇಲೆ ತಾನಾಗಿ ಅಂಟಿಕೊಂಡದ್ದು. ಹೊಳಲ್ಕೆರೆಯ ಮದುವೆ ಮನೆಯೊಂದರಲ್ಲಿ ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಕಾಣೆಯಾದ ಬಾಸಿಂಗವನ್ನು ಕಾಲು ಗಂಟೆಯಲ್ಲಿ ಹುಡುಕಿ ಕೊಟ್ಟ ಮೇಲಂತೂ, ದುರ್ಗದಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಪೊಲೀಸ್ ಠಾಣೆಗಿಂತ ಮೊದಲು ಟೀಚರ ಮನೆಯೇ ನೆನಪಾಗುತ್ತಿತ್ತು.

ಟೀಚರು ಕುಂತ್ಕಳ್ರಿ ಎಂದರೂ ಯತ್ತಪ್ಪ ಕೂರಲಿಲ್ಲ. ನಲವತ್ತು ವರ್ಷದಿಂದ ಚಿಕ್ಕತಿಮ್ಮಪ್ಪನವರ ಜೊತೆ ಇರುವವನು. ಅವರು ಬ್ಯಾಂಕ್ ನಡೆಸುವಾಗ ಬ್ಯಾಂಕಿನ ಜವಾನ, ಅವರು ಸರ್ಕಾರಕ್ಕೆ ಹೋದಾಗ ಅಲ್ಲಿಯ ದಲಾಯತ, ಈಗ ಅವರ ಮನೆಯ ಎಲ್ಲ ಕೆಲಸಕ್ಕೂ ಅವನೇ. ಟೀಚರು ಮೊದಲು ಅವನ ಮಗಳು ಉಷಾರಾಣಿ ಹೇಗಿದ್ದಾಳೆಂದು ಕೇಳಿದರು. ಸಿರಿಗೆರೆಯ ಕಾಲೇಜೊಂದರಲ್ಲಿ ಕನ್ನಡ ಹೇಳುವ ಆಕೆ, ಹೋದ ವರ್ಷ ರಾಜ್ಯೋತ್ಸವದ ವೇದಿಕೆಯಲ್ಲಿ ‘ನಮ್ಮಪ್ಪನೇ ನನಗೆ ಅಕ್ಷರ ಕಲಿಸಿದ ಮೊದಲ ಮೇಷ್ಟ್ರು’ ಎಂದಿದ್ದನ್ನು ಟೀಚರು ಮರೆತಿರಲಿಲ್ಲ. ಯತ್ತಪ್ಪ ಚೆನ್ನಾಗವ್ಳೆ ಎಂದು ನೆಲ ನೋಡಿದ.

ಆಮೇಲೆ ಬಂದ ಕಾರಣ ಹೇಳಿದ. ಚಿಕ್ಕತಿಮ್ಮಪ್ಪನವರು ತಮ್ಮ ಜೀವನ ಚರಿತ್ರೆ ಬರೆದಿದ್ದರು. ಪ್ರತಿ ಒಂದೇ, ಅದೂ ಕೈಬರಹದ್ದು. ಅದರಲ್ಲಿ ಏಳನೆಯ ಅಧ್ಯಾಯದ ಹದಿನಾಲ್ಕು ಹಾಳೆ ಗುರುವಾರ ಬೆಳಗ್ಗೆ ನೋಡಿದರೆ ಇಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡಲು ಬರುತ್ತಿದ್ದ ಸಾದಿಕ್ ಮೇಲೆ ಸಾಹೇಬರ ಅನುಮಾನ. ಭಾನುವಾರ ಮಧ್ಯಾಹ್ನದೊಳಗೆ ಹಾಳೆ ಬರದಿದ್ದರೆ ಪೊಲೀಸರಿಗೆ ದೂರು ಕೊಡುವುದಾಗಿ ಹೇಳಿಬಿಟ್ಟಿದ್ದಾರೆ.

"ಆ ಹುಡುಗಂದು ತಪ್ಪೇನಿಲ್ಲ ಟೀಚರಮ್ಮ. ನನ್ ಮಾತು ಸಾರ್ ಕೇಳಲ್ಲ. ನೀವೊಂದ್ಸಲ ಬರ್ರಿ" ಎಂದ ಯತ್ತಪ್ಪ.

ಟೀಚರು ಅಕ್ಕಿಯ ಮೊರ ಚೌಡೇಶ್ವರಿಯ ಕಡೆ ತಳ್ಳಿ ಎದ್ದರು.

*

ಜೋಗಿಮಟ್ಟಿ ರಸ್ತೆಯ ಆ ದೊಡ್ಡ ಮನೆಯಲ್ಲಿ ಇವರನ್ನು ಯಾರೂ ನಿರೀಕ್ಷಿಸಿರಲಿಲ್ಲ. ಪಡಸಾಲೆಯ ಬರೆಯುವ ಮೇಜಿನ ಮುಂದೆ ಕೂತಿದ್ದ ಚಿಕ್ಕತಿಮ್ಮಪ್ಪನವರು ಕನ್ನಡಕ ಕೆಳಗಿಳಿಸಿ ನೋಡಿದರು. ಎಪ್ಪತ್ತೆಂಟರಲ್ಲೂ ಬೆನ್ನು ಬಾಗಿರಲಿಲ್ಲ. ಯಾರು ಕರೆದರು ಎಂದು ಕೇಳಿ, ಯತ್ತಪ್ಪ ಎಂದು ತಿಳಿದು, ಇವನಿಗ್ಯಾಕೆ ಇಲ್ಲದ ಉಸಾಬರಿ ಎಂದು ಗೊಣಗಿ, ಆದರೂ ಕುರ್ಚಿ ಹಾಕಿಸಿದರು.

"ಹಾಳೆ ಹೋದ್ರೆ ಹೋಗ್ಲಿ ಟೀಚರೇ, ಇನ್ನೊಂದ್ಸಲ ಬರೀತೀನಿ. ನನ್ನ ಮನೇಲಿ ಕಳ್ಳತನ ಆಯ್ತಲ್ಲ, ಅದನ್ನ ಹೆಂಗೆ ಅಳಿಸ್ಲಿ?"

ಮಾತು ಸರಿಯಾಗಿಯೇ ಇತ್ತು. ಹಾಳೆಗಳ ಕಟ್ಟನ್ನು ಪೊಲೀಸರು ನೋಡಲಿ ಎಂದು ಇದ್ದಂತೆಯೇ ಇಟ್ಟಿದ್ದರು. ಹಸಿರು ಶಾಯಿಯ ಮುನ್ನೂರು ಚಿಲ್ಲರೆ ಹಾಳೆ. ಟೀಚರು ಒಂದೊಂದಾಗಿ ತಿರುವಿದರು, ಚೌಡೇಶ್ವರಿ ಅವರ ಭುಜದ ಮೇಲಿಂದ ಓದಿದಳು. ಹಿರಿಯೂರು ಸೀಮೆಯ ಹರಿಯಬ್ಬೆಯಲ್ಲಿ ಹುಟ್ಟಿದ್ದು, ಒಂದೇ ಅಂಗಿಯಲ್ಲಿ ಹೈಸ್ಕೂಲು ಮುಗಿಸಿದ್ದು. ಗುಮಾಸ್ತನಾಗಿ ಸೇರಿದವರು ನಾಲ್ಕು ಜನ ಗೆಳೆಯರನ್ನು ಕೂಡಿಸಿ ಸ್ವಂತ ಬ್ಯಾಂಕ್ ಶುರು ಮಾಡಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಶಾಖೆ ತೆರೆದದ್ದು. ಕೈತುಂಬ ಸಂಪಾದನೆ ಇದ್ದ ಕಾಲದಲ್ಲೇ ಎಲ್ಲ ಬಿಟ್ಟು ಸರ್ಕಾರದ ಹಣಕಾಸು ಇಲಾಖೆಗೆ ಸಲಹೆಗಾರರಾಗಿ ಹೋದದ್ದು. ಅಲ್ಲಿ ಮಂತ್ರಿಗಳ ಹೊಸ ಕಾರಿನ ಕಡತದ ಮೇಲೆ ಹಸಿರು ಶಾಯಿಯಲ್ಲಿ ‘ಹಳೆಯದು ಓಡುತ್ತಿದೆಯಲ್ಲ’ ಎಂದು ಬರೆದು ವಾಪಸ್ಸು ಕಳಿಸಿದ್ದು. ಓದುತ್ತಾ ಚೌಡೇಶ್ವರಿಗೆ ಎರಡು ಸಲ ನಗು ಬಂತು. ಮುದುಕರಿಗೆ ಬರೆಯಲು ಬರುತ್ತಿತ್ತು. ಆದರೆ ಪ್ರತಿ ಪುಟದಲ್ಲೂ ಯಾರಿಗಾದರೂ ಒಂದು ಉಪಕಾರವಾಗಿರುತ್ತಿತ್ತು, ಮಾಡಿದವರು ಒಬ್ಬರೇ.

ನೂರಾ ಹನ್ನೆರಡನೆಯ ಹಾಳೆಯ ನಂತರ ನೂರಾ ಇಪ್ಪತ್ತೇಳು ಬಂತು. ನಡುವೆ ಹಳೆಯ ಲಗ್ನಪತ್ರಿಕೆಯಿಂದ ಕತ್ತರಿಸಿದ ಬೆರಳುದ್ದದ ರಟ್ಟು. ಏನೂ ಬರೆದಿರಲಿಲ್ಲ. ಒಂದಂಚು ಇಲಿ ಕಚ್ಚಿದ ಹಾಗೆ ಅಲ್ಲಲ್ಲಿ ಹರಿದಿತ್ತು. ಟೀಚರು ಆ ಅಂಚಿನ ಉದ್ದಕ್ಕೂ ಉಗುರು ಎಳೆದರು, ನಿಧಾನವಾಗಿ.

"ಸಾದಿಕ್ ಗುರುತಿಗೆ ಇಟ್ಕಂಡಿರೋದು" ಎಂದರು ಚಿಕ್ಕತಿಮ್ಮಪ್ಪ.

ಕಳೆದುಹೋದ ಅಧ್ಯಾಯದಲ್ಲಿ ಏನಿತ್ತು ಎಂದು ಟೀಚರು ಕೇಳಿದರು. ಮುದುಕರು ಬೆರಳು ಮಡಚಿ ಹೇಳಿದರು. ಅಣ್ಣನ ಸಿನಿಮಾ ಟಾಕೀಸಿಗೆ ತಮ್ಮ ಬ್ಯಾಂಕಿನಿಂದ ಸಾಲ ಕೊಡದೆ ವಾಪಸ್ಸು ಕಳಿಸಿದ್ದು. ಬೆಂಗಳೂರಿಗೆ ಹೋದಾಗ ಹೆಂಡತಿ ಗೋಳಾಡಿದ್ದು. ಬ್ಯಾಂಕಿನ ಸಿಬ್ಬಂದಿಯೊಬ್ಬರಿಗೆ ಮಾಡಿದ ಒಂದು ಉಪಕಾರ. ಕೊನೆಯದು ಪುಸ್ತಕ ಬಂದಾಗಲೇ ಗೊತ್ತಾಗಿ ಸಂಬಂಧಪಟ್ಟವರು ಸಂತೋಷಪಡಲೆಂದು ಯಾರಿಗೂ ಹೇಳಿಲ್ಲವಂತೆ.

ಬುಧವಾರ ನಡೆದದ್ದು ಇಷ್ಟು. ಸಾದಿಕ್ ಹತ್ತಕ್ಕೆ ಬಂದು ಇದೇ ಮೇಜಿನಲ್ಲಿ ಆರನೆಯ ಅಧ್ಯಾಯ ಟೈಪ್ ಮಾಡಿ ಒಂದಕ್ಕೆ ಹೋದ. ನಡುವೆ ಬೆಂಗಳೂರಿನಿಂದ ಫೋನ್ ಬಂದು ಕಾಲು ಗಂಟೆ ಅವನೊಬ್ಬನೇ ಕಟ್ಟಿನ ಮುಂದೆ ಇದ್ದ. ಅಣ್ಣನ ಮಗ ಚೇತನ್‌ಕುಮಾರ್ ಕೂಡ ಬೆಳಗ್ಗೆ ಬಂದವನು ಹನ್ನೆರಡಕ್ಕೆ ಹೋದ. ಸಂಜೆ ಆರಕ್ಕೆ ಕಟ್ಟು ಬೀರುವಿಗೆ ಹೋಯಿತು. ಗುರುವಾರ ಹತ್ತಕ್ಕೆ ತೆಗೆದರೆ ಹಾಳೆ ಇಲ್ಲ.

ಬೀರು ಒಳಕೋಣೆಯಲ್ಲಿತ್ತು. ಕಬ್ಬಿಣದ್ದು, ಎರಡು ಬೀಗದ್ದು. ಬ್ಯಾಂಕಿನ ಭದ್ರತಾ ಕೋಣೆಯ ಪದ್ಧತಿಯನ್ನು ಚಿಕ್ಕತಿಮ್ಮಪ್ಪನವರು ಮನೆಗೂ ತಂದಿದ್ದರು. ಒಂದು ಕೀಲಿ ಅವರ ಉಡಿದಾರದಲ್ಲಿ, ಇನ್ನೊಂದು ಹೆಂಡತಿ ಏಕಾಂತಮ್ಮನವರ ಎಲೆಯಡಿಕೆ ಚೀಲದಲ್ಲಿ. ಒಬ್ಬರಿಂದ ತೆಗೆಯಲು ಆಗುವುದೇ ಇಲ್ಲ. ಅದನ್ನು ಹೇಳುವಾಗ ಅವರ ಮುಖದಲ್ಲಿ ಕಳ್ಳತನದ ದುಃಖವೂ ಮರೆಯಾಯಿತು. ಟೀಚರು ಮಾಡಿ ತೋರಿಸಿ ಎಂದರು. ಗಂಡ ಹೆಂಡತಿ ಬೀರುವಿನ ಎರಡು ಪಕ್ಕ ನಿಂತು ಒಟ್ಟಿಗೆ ಕೀಲಿ ತಿರುಗಿಸಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ನಿಂತಿದ್ದ ಯತ್ತಪ್ಪನಿಗೆ ಸಾಹೇಬರು "ಇಡು" ಎಂದರು. ಅವನು ಇಟ್ಟ. ಬೀಗ ಬಿತ್ತು. ಬೀಗಗಳ ಮೇಲೆ ಒಂದು ಗೀರೂ ಇರಲಿಲ್ಲ. ಇದಂತೂ ಸಾಧ್ಯವೇ ಇಲ್ಲದ ಕಳ್ಳತನ ಎಂದುಕೊಂಡಳು ಚೌಡೇಶ್ವರಿ.

ಅಡುಗೆ ಮನೆಯಲ್ಲಿ ಏಕಾಂತಮ್ಮನವರು ಟೀಚರನ್ನು ನೂರಕ್ಕ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹಾಳೆ ಹೋದದ್ದು ಒಳ್ಳೆಯದೇ ಆಯಿತು ಎಂದು ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಬುಧವಾರ ನಾಲ್ಕು ಗಂಟೆಗೆ ನನ್ನ ಕರ್ದು ಕುಂಡ್ರಿಸ್ಕಂಡು ಓದಿ ಹೇಳ್ತಾರೆ ನೂರಕ್ಕ. ನಾನು ಬೆಂಗ್ಳೂರಿನ ಮನೇಲಿ ಗ್ಯಾಸ್ ಒಲೆ ಕಂಡು ಅತ್ತೆ ಅಂತ ಬರ್ದವ್ರೆ. ನಾನು ಅತ್ತಿದ್ದು ಒಲೆಗಲ್ಲ, ಇವ್ರು ತಿಂಗಳುಗಟ್ಟಲೆ ಮನೇಲಿ ಮಾತೇ ಆಡ್ತಿರ್ಲಿಲ್ಲ, ಅದಕ್ಕೆ. ಹಂಗಂದೆ. ಜಗಳ ಆಯ್ತು. ನಾನು ನಮ್ಮ ತಂಗಿ ಮನೆಗೆ ಹೋಗಿ ಆರಕ್ಕೆ ಕೀಲಿ ಹಾಕೋಕೆ ಬಂದೆ. ಅವತ್ತಿಂದ ಮಾತಿಲ್ಲ."

ಮಾತಿಲ್ಲದಿದ್ದರೂ ಗಂಡನ ಮಾತ್ರೆಯ ಹೊತ್ತು ಅವರು ಮರೆತಿರಲಿಲ್ಲ. ಯತ್ತಪ್ಪನನ್ನು ಕರೆದು ಕಳಿಸಿದರು. ಅವನು ಡಬ್ಬಿಯಿಂದ ಮಾತ್ರೆಯ ಮೂರು ಪಟ್ಟಿ ತೆಗೆದು, ಓದದೆಯೇ ಅಂಚು ಸವರಿ ಒಂದನ್ನು ಆರಿಸಿಕೊಂಡ. ಮೂರರ ಅಂಚೂ ಸ್ವಲ್ಪ ಸ್ವಲ್ಪ ಹರಿದದ್ದನ್ನು ಚೌಡೇಶ್ವರಿ ನೋಡಿದಳು. ಇಷ್ಟು ಶ್ರೀಮಂತರ ಮನೆಯಲ್ಲೂ ಇಲಿ ಕಾಟ ತಪ್ಪಿಲ್ಲ ಎಂದುಕೊಂಡಳು.

*

ಸಾದಿಕ್‌ನ ಅಂಗಡಿ ಉಪನೋಂದಣಿ ಕಚೇರಿಯ ಎದುರು ಸಾಲಿನಲ್ಲಿತ್ತು. ಕ್ರಯಪತ್ರ, ವಿಭಾಗ ಪತ್ರ, ಕರಾರು ಪತ್ರ ಟೈಪ್ ಮಾಡುವ ಕೆಲಸ. ಅಕ್ಕಪಕ್ಕದ ಅಂಗಡಿಗಳಲ್ಲಿ ಜನ ನಿಂತಿದ್ದರು. ಇವನ ಬೆಂಚು ಖಾಲಿ ಇತ್ತು. ಸುದ್ದಿ ಆಗಲೇ ಹಬ್ಬಿದೆ ಎಂದು ಅವನು ತಣ್ಣಗೆ ಹೇಳಿದ. ತಾಳ್ಯದಿಂದ ಅಣ್ಣತಮ್ಮಂದಿರ ವಿಭಾಗ ಪತ್ರ ಬರೆಸಲು ಬಂದವರು ಇವನ ಹೆಸರಿನ ಬೋರ್ಡು ಓದಿ ಪಕ್ಕಕ್ಕೆ ಹೋದರಂತೆ.

"ಈ ಅಂಗಡೀಲಿ ಕಂಪ್ಯೂಟರ್ ಹಳೇದು, ಪ್ರಿಂಟರ್ ಸಾಲದ್ದು. ನಂದು ಅಂತ ಇರೋದು ಒಂದೇ ಟೀಚರ್. ಇಲ್ಲಿ ಬಂದ ಕಾಗದ ಹೊರಗೆ ಹೋಗಲ್ಲ ಅನ್ನೋ ಮಾತು. ಅದು ಹೋದ್ರೆ ಶಟರ್ ಎಳೀಬೇಕು ಅಷ್ಟೇ."

ಟೀಚರು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ಓದುವ ಜಾಗಕ್ಕೆ ಗುರುತಾಗಿ ಏನಿಡುತ್ತೀ? ಅವನು ಮೇಜಿನ ಮೇಲಿನ ಉಕ್ಕಿನ ಸ್ಕೇಲು ತೋರಿಸಿದ.

ಶನಿವಾರ ಇಬ್ಬರೂ ಹೊಸದುರ್ಗಕ್ಕೆ ಹೋದರು. ಚೌಡೇಶ್ವರಿಯ ಮನಸ್ಸಿನಲ್ಲಿ ಕಳ್ಳ ಚೇತನ್‌ಕುಮಾರನೇ ಎಂದು ತೀರ್ಮಾನವಾಗಿತ್ತು. ಅಪ್ಪನನ್ನು ಬರಿಗೈಯಲ್ಲಿ ಕಳಿಸಿದ ಕತೆ ಪುಸ್ತಕದಲ್ಲಿ ಬರುವುದು ಯಾವ ಮಗನಿಗೆ ಬೇಕು? ದಾರಿಯುದ್ದಕ್ಕೂ ಹಾಗೆ ವಾದಿಸಿದಳು. ಟೀಚರು ಹಿಂದೆ ಕೂತು ಹೂಂಗುಟ್ಟುತ್ತಾ ರಸ್ತೆ ಪಕ್ಕದ ಗಾಳಿಯಂತ್ರಗಳನ್ನು ಎಣಿಸುತ್ತಿದ್ದರು.

ಚೇತನ್‌ಕುಮಾರನ ಟ್ರ್ಯಾಕ್ಟರ್ ಮಳಿಗೆಯಲ್ಲಿ ಮಂಡಕ್ಕಿ ಮಿರ್ಚಿ ತರಿಸಿದರು. ಅವನು ಏನನ್ನೂ ಮುಚ್ಚಿಡಲಿಲ್ಲ. ಹಾಳೆ ಹೋದ ಸುದ್ದಿ ಕೇಳಿ ತನಗೆ ಖುಷಿಯಾಯಿತು, ಕದ್ದವರು ಸಿಕ್ಕರೆ ಒಂದು ಹಾರ ಹಾಕುವೆನೆಂದ. ಬುಧವಾರ ಚಿಕ್ಕಪ್ಪನ ಹತ್ತಿರ ಹೋದದ್ದೇ ಆ ಭಾಗ ಬಿಡಿ ಎಂದು ಕೇಳಲು. ಬಿಡಲಿಲ್ಲ. ಹನ್ನೆರಡಕ್ಕೆ ಹೊರಟು ಎರಡು ಗಂಟೆಗೆ ಇಲ್ಲಿ ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡಿಸಿದ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ ಫೋಟೋದಲ್ಲಿ ಅವನೇ ನಗುತ್ತಾ ನಿಂತಿದ್ದ. ಸಂಜೆ ಏಳರವರೆಗೂ ಮಳಿಗೆ ಬಿಟ್ಟಿರಲಿಲ್ಲವೆಂದು ಅಲ್ಲಿದ್ದವರೆಲ್ಲ ಹೇಳಿದರು.

ವಾಪಸ್ಸು ಬರುವಾಗ ಟೀಚರೇ ಚೌಡೇಶ್ವರಿಯ ಭುಜ ತಟ್ಟಿ, ಆ ಅಧ್ಯಾಯ ಯಾರಿಗೆ ಬೇಡವಾಗಿತ್ತು ಎಂದು ಹುಡುಕಿದರೆ ಎಲ್ಲರೂ ಸಿಗುತ್ತಾರೆ, ಕೈ ಯಾವುದು ಎಂದು ಹುಡುಕಬೇಕು ಬೇಟಾ ಎಂದರು. ಕೈ ಯಾವುದೆಂದು ಗೊತ್ತಾಗಿದೆಯಾ ಎಂದರೆ, ನಿನ್ನೆಯೇ ಗೊತ್ತಾಯಿತು, ಈಗ ನೋಡುತ್ತಿರುವುದು ಆ ಕೈಗೆ ನೋವಾಗದಂತೆ ಹಿಡಿಯುವುದು ಹೇಗೆಂದು ಎಂದರು.

*

ಭಾನುವಾರ ಹನ್ನೊಂದಕ್ಕೆ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಚಿಕ್ಕತಿಮ್ಮಪ್ಪನವರು ಮೇಜಿನ ಹಿಂದೆ. ಏಕಾಂತಮ್ಮನವರು ಸಾಧ್ಯವಾದಷ್ಟು ದೂರದ ಕುರ್ಚಿಯಲ್ಲಿ. ಹಾರ ಯಾರಿಗೆಂದು ನೋಡಲು ಬಂದಿದ್ದ ಚೇತನ್‌ಕುಮಾರ್ ಕಿಟಕಿಯ ಹತ್ತಿರ. ಸಾದಿಕ್ ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಪಕ್ಕದಲ್ಲೇ ನಿಂತ, ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಯತ್ತಪ್ಪ ಎಲ್ಲರಿಗೂ ಚಹಾ ಕೊಟ್ಟು ಗೋಡೆಗೆ ಒರಗಿದ. ಟೀಚರು ಅವನಿಗೂ ಒಂದು ಕುರ್ಚಿ ಹಾಕಿಸಿದರು. ಅವನು ಅದರ ಅಂಚಿನಲ್ಲಿ ಕೂತ.

ಟೀಚರು ತರಗತಿಯಲ್ಲಿ ಲೆಕ್ಕ ಬಿಡಿಸುವವರಂತೆ ಶುರು ಮಾಡಿದರು. ಮೊದಲು ಹೊತ್ತು. ಹಾಳೆ ಹೋದದ್ದು ಸಾದಿಕ್ ಒಬ್ಬನೇ ಇದ್ದ ಆ ಕಾಲು ಗಂಟೆಯಲ್ಲಿ ಎಂದು ಸಾಹೇಬರ ನಂಬಿಕೆ. ಆದರೆ ಅವನು ಹೋದದ್ದು ಒಂದು ಗಂಟೆಗೆ. ನಾಲ್ಕು ಗಂಟೆಗೆ ಸಾಹೇಬರು ಅದೇ ಏಳನೆಯ ಅಧ್ಯಾಯವನ್ನು ಹೆಂಡತಿಗೆ ಗಟ್ಟಿಯಾಗಿ ಓದಿದ್ದಾರೆ. ಬೆಳಗ್ಗೆ ಕಳುವಾದ ಹಾಳೆಯನ್ನು ಮಧ್ಯಾಹ್ನ ಓದುವುದು ಹೇಗೆ?

ಚಿಕ್ಕತಿಮ್ಮಪ್ಪನವರ ಕೈ ಚಹಾ ಲೋಟದ ಮೇಲೆ ನಿಂತಿತು. ಅದನ್ನು ಓದಿದ್ದು ಎಂದಲ್ಲ, ಜಗಳ ಎಂದಷ್ಟೇ ನೆನಪಿಟ್ಟುಕೊಂಡಿದ್ದೆ ಎಂದರು ಮೆಲ್ಲಗೆ. ನನ್ನನ್ನು ಯಾರು ಕೇಳಿದ್ರು ಎಂದರು ಏಕಾಂತಮ್ಮ, ಸೂರಿಗೆ ಹೇಳುವ ಹಾಗೆ.

ಅಲ್ಲಿಗೆ ಸಾದಿಕ್ ಹೊರಗಾದ. ನಾಲ್ಕು ಗಂಟೆಗೆ ಹೊಸದುರ್ಗದಲ್ಲಿದ್ದ ಚೇತನ್‌ಕುಮಾರನೂ ಹೊರಗಾದ. ಇನ್ನು ಬೀರು. ಆರು ಗಂಟೆಯಿಂದ ಬೆಳಗಿನವರೆಗೆ ಎರಡು ಕೀಲಿ ಕೂಡಿದರೆ ಮಾತ್ರ ಅದು ತೆಗೆಯುತ್ತದೆ.

"ಬುಧವಾರ ನಾಲ್ಕರಿಂದ ನೀವಿಬ್ಬರೂ ಮಾತು ಬಿಟ್ಟವರು. ಕೂಡಿ ಕಳ್ಳತನ ಮಾಡೋ ಸ್ಥಿತೀಲಿ ಇರಲಿಲ್ಲ" ಎಂದರು ಟೀಚರು.

ಚೇತನ್‌ಕುಮಾರ್ ನಕ್ಕವನು ಚಿಕ್ಕಪ್ಪನ ಮುಖ ನೋಡಿ ಕೆಮ್ಮಿದ.

ಹಾಗಾದರೆ ಹಾಳೆ ಬೀರುವಿನಿಂದ ಹೋಗಲೇ ಇಲ್ಲ. ಕಟ್ಟು ಬೀರು ಸೇರುವ ಮೊದಲೇ ಅದರಲ್ಲಿ ಹದಿನಾಲ್ಕು ಕಡಿಮೆ ಇತ್ತು. ನಾಲ್ಕರ ನಂತರ ಏಕಾಂತಮ್ಮನವರು ಮನೆಯಲ್ಲಿರಲಿಲ್ಲ, ಸಾಹೇಬರು ಮೇಜು ಬಿಟ್ಟು ಏಳಲಿಲ್ಲ. ಆರಕ್ಕೆ ಅವರು ‘ಕಟ್ಟು’ ಎಂದು ಹೇಳಿ ಕೈ ತೊಳೆಯಲು ಹೋಗುತ್ತಾರೆ. ಆಮೇಲೆ ಕೀಲಿ ಹಿಡಿದು ಒಳಕೋಣೆಗೆ ನಡೆಯುತ್ತಾರೆ. ಹಾಳೆ ಜೋಡಿಸುವುದು, ಟೇಪು ಬಿಗಿಯುವುದು, ಹೊತ್ತು ತರುವುದು ಇವರಾರೂ ಅಲ್ಲ.

"ಎರಡು ಕೀಲಿ ಮಾಡಿದ ಬ್ಯಾಂಕಿನವರು ಕೀಲಿ ಹಿಡಿದವರನ್ನೇ ಕಾಯ್ತಾರೆ. ಪೆಟ್ಟಿಗೆ ಹೊತ್ತು ನಿಂತವನನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಶುಕ್ರವಾರ ನನ್ನ ಕಣ್ಣೆದುರಿಗೇ ಮಾಡಿ ತೋರಿಸಿದಿರಿ ಸಾರ್."

ಚೌಡೇಶ್ವರಿಗೆ ಕೋಣೆಯ ಆ ದೃಶ್ಯ ಕಣ್ಣಿಗೆ ಬಂತು. ಗಂಡ, ಹೆಂಡತಿ, ಎರಡು ಕೀಲಿ. ಹಿಂದೆ ನಿಂತವನನ್ನು ಅವಳೂ ಎಣಿಸಿರಲಿಲ್ಲ. ಗಣಿತದವಳು.

ಟೀಚರು ಆ ರಟ್ಟಿನ ತುಂಡನ್ನು ಮೇಜಿನ ಮೇಲಿಟ್ಟರು. ಸಾದಿಕ್ ಗುರುತಿಗೆ ಸ್ಕೇಲು ಇಡುತ್ತಾನೆ. ಇದು ಓದುವವರ ಗುರುತಲ್ಲ, ದಾಖಲೆ ಕೋಣೆಯವರದ್ದು. ಕಡತದಿಂದ ಕಾಗದ ತೆಗೆದರೆ ಆ ಜಾಗದಲ್ಲಿ ಒಂದು ಚೀಟಿ ಇಡಬೇಕು, ವಾಪಸ್ಸು ಅಲ್ಲೇ ಸೇರಿಸಬೇಕು. ಕಳ್ಳನಾಗಿ ಕೈ ಹಾಕಿದಾಗಲೂ ಆ ಶಿಸ್ತು ಬಿಡದ ಕೈ ಇದು. ಅಂಚಿನಲ್ಲಿರುವುದು ಇಲಿ ಕಚ್ಚಿದ್ದಲ್ಲ, ಉಗುರಿನಿಂದ ಹಾಕಿದ ಕಚ್ಚು. ಎಣಿಸಿದರೆ ಏಳು. ಏಳನೆಯ ಅಧ್ಯಾಯ. ಏಳು ಎಂದು ಒಂದು ಅಂಕಿ ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲು ಗೊತ್ತಿಲ್ಲದ ಕಾಲದಲ್ಲಿ ಕೈ ಕಲಿತದ್ದನ್ನು, ಬರೆಯಲು ಬಂದ ಮೇಲೂ ಕೈ ಬಿಡುವುದಿಲ್ಲ. ಸಂಜೆ ಶಾಲೆಗೆ ಬರುತ್ತಿದ್ದ ಹಮಾಲರು ಮೂಟೆ ಎಣಿಸುತ್ತಿದ್ದದ್ದು ಹೀಗೆಯೇ. ಈ ಮನೆಯ ಮಾತ್ರೆಗಳ ಅಂಚಿನಲ್ಲೂ ಇದೇ ಕಚ್ಚು. ಬೆಳಗಿಗೆ ಒಂದು, ಮಧ್ಯಾಹ್ನಕ್ಕೆ ಎರಡು, ಸಂಜೆಗೆ ಮೂರು.

ಹೆಸರು ಹೇಳದೆ ಟೀಚರು ನಿಲ್ಲಿಸಿದರು. ಹೇಳಬೇಕಾಗಲೂ ಇಲ್ಲ. ಯತ್ತಪ್ಪ ಕುರ್ಚಿಯಿಂದ ಎದ್ದು ಒಳಗೆ ಹೋಗಿ, ಮಡಿಸಿದ ಕಂಬಳಿಯ ನಡುವಿನಿಂದ ಹದಿನಾಲ್ಕು ಹಾಳೆ ತಂದು ಮೇಜಿನ ಮೇಲಿಟ್ಟ. ಒಂದೂ ಮುದುಡಿರಲಿಲ್ಲ. ಅವನು ಮೊದಲು ತಿರುಗಿದ್ದು ಸಾದಿಕ್ ಕಡೆಗೆ.

"ತಪ್ಪಾಯ್ತಪ್ಪ. ಹನ್ನೆರಡು ಹೊಡಿಯೋದ್ರೊಳಗೆ ಹೇಳ್ಬೇಕು ಅಂತಲೇ ಇದ್ದೆ. ಬಾಯಿ ಬರ್ಲಿಲ್ಲ, ಅದಕ್ಕೇ ಟೀಚರಮ್ಮನ್ನ ಕರೆದೆ."

ಚಿಕ್ಕತಿಮ್ಮಪ್ಪನವರಿಗೆ ಸಿಟ್ಟು ಬರುವ ಮೊದಲು ಅರ್ಥವೇ ಆಗಲಿಲ್ಲ. "ಯಾಕೋ ಯತ್ತಪ್ಪ? ನಿನ್ನ ಬಗ್ಗೆ ಒಳ್ಳೇದೇ ಬರ್ದಿದ್ನಲ್ಲೋ."

"ಒಳ್ಳೇದೇ ಬರ್ದಿದ್ರಿ ಸಾರ್. ಅದು ನಿಮ್ ಒಳ್ಳೇದು."

ಆಮೇಲೆ ಅವನೇ ತಡೆದು ತಡೆದು ಹೇಳಿದ. ಇಪ್ಪತ್ತೆಂಟು ವರ್ಷದವರೆಗೆ ಅವನಿಗೆ ಅ ಆ ಬರುತ್ತಿರಲಿಲ್ಲ. ಚೀಟಿಗೆ ಕಚ್ಚು ಹಾಕಿಯೇ ಬ್ಯಾಂಕಿನ ಕಡತ ತಂದುಕೊಡುತ್ತಿದ್ದ. ಒಂದು ದಿನ ಸಾಹೇಬರಿಗೆ ಗೊತ್ತಾಯಿತು. ಬಯ್ಯಲಿಲ್ಲ. ದಿನಾ ಸಂಜೆ ಬ್ಯಾಂಕಿನ ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿ ಅಕ್ಷರ ಹೇಳಿದರು. ಬುಧವಾರ ಕಟ್ಟು ಜೋಡಿಸುವಾಗ ಅದೇ ಕತೆ ಹಾಳೆಯಲ್ಲಿ ಅವನ ಕಣ್ಣಿಗೆ ಬಿತ್ತು. ಬರೆದದ್ದೆಲ್ಲ ನಿಜ. ಆದರೆ ಆ ವರ್ಷವೇ ಮಗಳನ್ನು ಒಂದನೇ ತರಗತಿಗೆ ಸೇರಿಸಿದ್ದ. ಸಂಜೆ ಬ್ಯಾಂಕಿನಲ್ಲಿ ಕಲಿತ ಅಕ್ಷರವನ್ನೇ ಮನೆಗೆ ಹೋಗಿ, ಹುಟ್ಟಿದಾಗಿಂದ ಬರುತ್ತಿದ್ದವನಂತೆ, ಅವಳ ಸ್ಲೇಟಿನ ಮೇಲೆ ಬರೆಸುತ್ತಿದ್ದ. ಅವಳು ಅದನ್ನೇ ನಂಬಿಕೊಂಡಿದ್ದಾಳೆ. ವೇದಿಕೆಯ ಮೇಲೆ ಹೇಳುತ್ತಾಳೆ. ಪುಸ್ತಕ ಬಂದರೆ ನೂರು ಜನರ ಎದುರು ಅವಳ ಮಾತು ಸುಳ್ಳಾಗುತ್ತದೆ.

"ಬೇಡ ಸಾರ್ ಅಂತ ಒಂದ್ಮಾತು ಹೇಳ್ಬಹುದಿತ್ತಲ್ಲೋ" ಎಂದರು ಮುದುಕರು.

"ನಲವತ್ತು ವರ್ಷದಾಗೆ ಎಲ್ಲಾ ಕಲಿಸಿದ್ರಿ. ನಿಮಗೆ ಬೇಡ ಅನ್ನೋದು ಕಲಿಸ್ಲಿಲ್ಲ."

ಚಿಕ್ಕತಿಮ್ಮಪ್ಪನವರು ಹಸಿರು ಪೆನ್ನು ತೆಗೆದವರು ಏನು ಬರೆಯಬೇಕೆಂದು ತಿಳಿಯದೆ ಮತ್ತೆ ಮುಚ್ಚಳ ಹಾಕಿದರು. ಈ ಭಾಗ ತೆಗೆದುಬಿಡುತ್ತೇನೆ ಎಂದರು. ಅಣ್ಣನ ಟಾಕೀಸಿನ ಭಾಗವೂ ಎಂದ ಚೇತನ್‌ಕುಮಾರ್. ನಿನ್ನದು ಇರುತ್ತದೆ ಎಂದರು.

ಅವರನ್ನು ತಡೆದದ್ದು ಟೀಚರು. ಮಗಳು ಹೇಳುವುದರಲ್ಲಿ ಸುಳ್ಳೆಲ್ಲಿದೆ ಎಂದು ಯತ್ತಪ್ಪನನ್ನು ಕೇಳಿದರು. ಸಂಜೆ ಓದಿಕೊಂಡು ಮರುದಿನ ಪಾಠ ಮಾಡುವವರನ್ನೇ ಲೋಕ ಮೇಷ್ಟ್ರು ಎನ್ನುವುದು. ತಾವೂ ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದ್ದು. ಈ ಚೌಡೇಶ್ವರಿಯಂತೂ ಕೆಲವು ಸಲ ಬೆಳಗ್ಗೆ ಬಸ್ಸಿನಲ್ಲಿ ಓದಿಕೊಳ್ಳುತ್ತಾಳೆ. ಚೌಡೇಶ್ವರಿ ಇದನ್ನು ಎಲ್ಲರ ಎದುರು ಹೇಳಬೇಕಿತ್ತೇ ಎಂಬಂತೆ ನೋಡಿದಳು. ತೆಗೆಯಬೇಕೋ ಇಡಬೇಕೋ ಎನ್ನುವುದನ್ನು ಓದಬೇಕಾದವಳು ಓದಿ ಹೇಳಲಿ ಎಂದರು ಟೀಚರು. ಯತ್ತಪ್ಪ ತಾನೇ ಮಗಳಿಗೆ ಫೋನ್ ಮಾಡಿದ.

ಸಿರಿಗೆರೆಯ ಬಸ್ಸಿಳಿದು ಉಷಾರಾಣಿ ಬಂದಾಗ ಮೂರು ಗಂಟೆ. ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಹದಿನಾಲ್ಕೂ ಹಾಳೆ ಓದಿದಳು. ಒಳಗೆ ಚಿಕ್ಕತಿಮ್ಮಪ್ಪನವರು ಫಲಿತಾಂಶ ಕಾಯುವ ಹುಡುಗನ ಹಾಗೆ ಅತ್ತಿಂದಿತ್ತ ಓಡಾಡಿದರು. ಏಕಾಂತಮ್ಮನವರಿಗೇ ತಡೆಯಲಾಗದೆ ಕೂತ್ಕಳ್ರಿ ಎಂದುಬಿಟ್ಟರು. ನಾಲ್ಕು ದಿನದ ಮೇಲೆ ಗಂಡನಿಗೆ ಆಡಿದ ಮೊದಲ ಮಾತು ಅದು.

ಓದಿ ಮುಗಿಸಿದವಳು ಅಪ್ಪನ ಮುಖ ನೋಡಲಿಲ್ಲ. "ಅಪ್ಪ, ನಿನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು ಯಾವುದು?" ಎಂದಳು.

"ಒತ್ತಕ್ಷರ" ಎಂದ ಯತ್ತಪ್ಪ.

ಅವಳು ನಗಲು ಶುರು ಮಾಡಿದಳು, ಕಣ್ಣು ಒರೆಸಿಕೊಂಡೂ ನಕ್ಕಳು. "ಅದಕ್ಕೇ ನೀನು ಒತ್ತಕ್ಷರ ಬಂದ ವಾರ ನನ್ನನ್ನ ಆಟಕ್ಕೆ ಬಿಟ್ಟಿದ್ದೆ."

ಹಾಳೆ ಪುಸ್ತಕದಲ್ಲಿ ಇರಲಿ ಎಂದು ಸಾಹೇಬರಿಗೆ ಹೇಳಿದಳು. ಆದರೆ ಅರ್ಧ ಕತೆ ಮಾತ್ರ ಬರೆದಿದ್ದೀರಿ, ಬ್ಯಾಂಕಿನ ಮೇಜಿನದ್ದು. ಮನೆಯ ಸ್ಲೇಟಿನದ್ದು ಅಪ್ಪನನ್ನು ಕೇಳಿ ಸೇರಿಸಬೇಕು, ಅದೂ ಅವನು ಹೇಳಿದ ಹಾಗೆ. ಮಂತ್ರಿಗಳ ಕಡತ ವಾಪಸ್ಸು ಕಳಿಸಿದ ಮನುಷ್ಯ ತಲೆಯಾಡಿಸಿ ಒಪ್ಪಿಕೊಂಡರು. ಬೆಂಗಳೂರಿನ ಒಲೆಯ ವಿಷಯವನ್ನೂ ಕೇಳಿಯೇ ಬರೆಯುವುದೆಂದು ಒಳಗಿನಿಂದ ಇನ್ನೊಂದು ತಿದ್ದುಪಡಿ ಬಂತು.

ಸಾದಿಕ್ ಅಷ್ಟರಲ್ಲಿ ಹೋಗಿದ್ದ. ಸಾಹೇಬರು ಅವನಿಗೆ ತಪ್ಪಾಯಿತು ಎಂದಿದ್ದರು. ಪರವಾಗಿಲ್ಲ ಸಾರ್ ಎಂದು ಚಪ್ಪಲಿ ಮೆಟ್ಟಿದ್ದ. ಮನೆಯೊಳಗೆ ಕೇಳಿದ ಕ್ಷಮೆ ಬೀದಿಯಲ್ಲಿ ಅವನ ಅಂಗಡಿಯ ಬೆಂಚನ್ನು ತುಂಬುವುದಿಲ್ಲ ಎಂದು ಟೀಚರು ಹೊರಡುವಾಗ ಸಾಹೇಬರಿಗೆ ಹೇಳಿದರು. ಅಷ್ಟೇ ಹೇಳಿದ್ದು.

*

ಸೋಮವಾರ ಹನ್ನೊಂದು ಗಂಟೆಗೆ ಉಪನೋಂದಣಿ ಕಚೇರಿಯ ಬೀದಿಯಲ್ಲಿ ಜನ ತುಂಬಿದ್ದರು. ಚೌಡೇಶ್ವರಿ ಟೀಚರನ್ನು ಕೂರಿಸಿಕೊಂಡು ಬರುವಷ್ಟರಲ್ಲಿ ಸಾದಿಕ್‌ನ ಬೆಂಚಿನ ಮೇಲೆ ಚಿಕ್ಕತಿಮ್ಮಪ್ಪನವರು ಬಿಳಿ ಪಂಚೆಯಲ್ಲಿ ಕೂತಿದ್ದರು. ಅವರಿಗಿಂತ ಮುಂಚೆ ಬಂದಿದ್ದ ತೆಂಗಿನಕಾಯಿ ವ್ಯಾಪಾರಿಯೊಬ್ಬ ಎದ್ದು ನಿಂತು ನೀವು ಮುಂದೆ ಹೋಗ್ರಿ ಎಂದು ಬೇಡಿಕೊಳ್ಳುತ್ತಿದ್ದ. ಸರದಿ ಐತೆ ಕುಂತ್ಕಳಪ್ಪ ಎಂದು ಅವನನ್ನು ಕೂರಿಸಿದರು. ಪಕ್ಕದ ಅಂಗಡಿಗಳ ಜನ ಕತ್ತು ಚಾಚಿ ನೋಡುತ್ತಿದ್ದರು. ನೋಡಲಿ ಎಂದೇ ಅವರು ಬೆಂಚಿನ ಹೊರತುದಿಯಲ್ಲಿ ಕೂತದ್ದು.

ಸರದಿ ಬಂದಾಗ ಒಳಗೆ ಹೋಗಿ ಕುರ್ಚಿ ಎಳೆದುಕೊಂಡರು. ಬೀದಿಗೆಲ್ಲ ಕೇಳುವ ದನಿಯಲ್ಲಿ, ತಮ್ಮ ಉಯಿಲು ಟೈಪ್ ಮಾಡಿಸಬೇಕು, ಬೆಂಗಳೂರಿನ ವಕೀಲರು ಕೇಳಿದರೂ ಕೊಟ್ಟಿಲ್ಲ, ಈ ಅಂಗಡಿಯಲ್ಲೇ ಆಗಬೇಕು ಎಂದರು. ಸಾದಿಕ್ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡ.

"ಹರಿಯಬ್ಬೆಯ ಚಿಕ್ಕತಿಮ್ಮಪ್ಪನಾದ ನಾನು ಸ್ವಸ್ಥ ಚಿತ್ತದಿಂದ..." ಎಂದು ಮುದುಕರು ಶುರು ಮಾಡಿದರು. ಆ ಮಾತಿಗೆ ಸಾಕ್ಷಿ ಬೇಕಾದರೆ ನನ್ನನ್ನು ಕೇಳಬೇಡಿ ಎಂದು ಕಾರಿನ ಕಿಟಕಿಯಿಂದ ಏಕಾಂತಮ್ಮನವರು ಹೇಳಿದ್ದು ಬೆಂಚಿನಲ್ಲಿ ಕೂತವರಿಗೆಲ್ಲ ಕೇಳಿಸಿತು. ಆ ಹೊತ್ತಿಗೆ ಬೆಂಚಿನಲ್ಲಿ ಜಾಗ ಸಾಲದೆ ಇಬ್ಬರು ನಿಂತಿದ್ದರು. ಸಾಹೇಬರು ಇನ್ನೂ ದನಿ ಎತ್ತಿ ಮನೆ, ಜಮೀನು ಎಂದು ಮುಂದುವರಿಸಿದರು.

ಸಾದಿಕ್ ಟೈಪ್ ಮಾಡುವುದನ್ನು ನಿಲ್ಲಿಸಿ ಬೆರಳೆತ್ತಿದ.

"ಸಾರ್, ಮೆಲ್ಲಗೆ ಹೇಳ್ರಿ. ನನ್ನ ಅಂಗಡೀಲಿ ಒಬ್ಬರ ಕಾಗದ ಇನ್ನೊಬ್ಬರ ಕಿವಿಗೆ ಬೀಳಬಾರದು."

ಚಿಕ್ಕತಿಮ್ಮಪ್ಪನವರು ತಕ್ಷಣ ದನಿ ತಗ್ಗಿಸಿದರು. ಕುರ್ಚಿಯನ್ನು ಮುಂದಕ್ಕೆ ಸರಿಸಿ, ಅವನ ಕಿವಿಯ ಹತ್ತಿರ ಬಾಗಿ, ಪಿಸುಮಾತಿನಲ್ಲಿ ಮೊದಲಿನಿಂದ ಹೇಳತೊಡಗಿದರು.